ಮೇನ್ ಸ್ವಿಚ್ಚಿಗೆ ಹಾಕಿದ ಕೆಂಪು ಬೀಗ

ಲಿಫ್ಟ್ ಇನ್ಸ್‌ಪೆಕ್ಟರನಿಗೆ ಕಚೇರಿಯಲ್ಲಿ ಬೀಗಣ್ಣ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅವನಿಗೆ ಗೊತ್ತು, ಗೊತ್ತಿದ್ದೂ ಬೇಸರವಿಲ್ಲ. ಲಿಫ್ಟಿನ ತಳದ ಗುಂಡಿಗೆ ಇಳಿಯುವವನು ಮೊದಲು ಮೇನ್ ಸ್ವಿಚ್ ಇಳಿಸಬೇಕು, ಅದಕ್ಕೆ ತನ್ನದೇ ಕೆಂಪು ಬೀಗ ಜಡಿಯಬೇಕು, ಕೀಲಿ ತನ್ನ ಜೇಬಿನಲ್ಲೇ ಇರಬೇಕು. ಹಾಕಿದವನೇ ತೆಗೆಯಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಒಳಗೆ ಮನುಷ್ಯನಿರುವಾಗ ಯಾರೋ ಪುಣ್ಯಾತ್ಮ ಕರೆಂಟ್ ಕೊಟ್ಟರೆ ಕಥೆ ಮುಗಿಯಿತು ಎಂದು ಮಾಡಿದ ನಿಯಮ ಇದು. ಉಳಿದವರು ಕೆಲಸದ ಜಾಗದಲ್ಲಿ ಮಾತ್ರ ಇದನ್ನು ಪಾಲಿಸುತ್ತಾರೆ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಬೀಗಣ್ಣ ಊರು ಬಿಡುವಾಗ ಮನೆಯ ಮೇನ್ ಸ್ವಿಚ್ಚನ್ನೂ ಇಳಿಸಿ ಬೀಗ ಜಡಿಯತೊಡಗಿದ್ದ. ಫ್ರಿಜ್‌ನಲ್ಲಿ ಕೆಟ್ಟುಹೋಗಲು ಏನೂ ಇರುತ್ತಿರಲಿಲ್ಲ ಬಿಡಿ. ಒಂಟಿ ಮನುಷ್ಯನ ಮನೆ.

ಮುನ್ನೂರು ಕಿಲೋಮೀಟರ್ ದೂರದ ಆಸ್ಪತ್ರೆಯೊಂದರ ಲಿಫ್ಟ್ ತಪಾಸಣೆಗೆಂದು ಅವನು ಹೊರಟಾಗಲೂ ಹಾಗೇ ಆಯಿತು. ಅಲ್ಲಿ ಲಿಫ್ಟನ್ನು ಎತ್ತಿ ಇಳಿಸುವ ಉಕ್ಕಿನ ಹಗ್ಗ ಒಂದು ಕಡೆ ಸವೆದಂತೆ ಕಂಡಿತು. ಎಷ್ಟು ಸವೆದಿದೆ ಎಂದು ಹೇಳಬೇಕಾದರೆ ಹೋದ ವರ್ಷದ ಅಳತೆ ಬೇಕು. ಆ ಅಳತೆ ಇದ್ದದ್ದು ಅವನ ಮನೆಯ ಕಂಪ್ಯೂಟರಿನಲ್ಲಿ. ಆಫೀಸಿಗೆ ಕೊಟ್ಟರೆ ಹತ್ತು ಜನ ಕೈಯಾಡಿಸುತ್ತಾರೆ ಎಂದು ತನ್ನ ಅಳತೆಗಳನ್ನೆಲ್ಲ ಅವನು ತಾನೇ ಇಟ್ಟುಕೊಂಡಿದ್ದ.

ಅದಕ್ಕೂ ವ್ಯವಸ್ಥೆ ಮಾಡಿಯೇ ಹೊರಟಿದ್ದ. ಎಲ್ಲಿ ಕೂತಿದ್ದರೂ ಮನೆಯ ಕಂಪ್ಯೂಟರನ್ನು ತೆರೆದು ನೋಡುವ ಪ್ರೋಗ್ರಾಂ ಹಾಕಿಸಿ, ಅಡುಗೆಮನೆಯಲ್ಲಿ ನಿಂತು ಲ್ಯಾಪ್‌ಟಾಪಿನಿಂದ ಪರೀಕ್ಷೆಯನ್ನೂ ಮಾಡಿದ್ದ. ಕೋಣೆಯಲ್ಲಿದ್ದ ಕಂಪ್ಯೂಟರಿನ ಪರದೆಯ ಮೇಲೆ 'ಯಾರೋ ಒಳಬರಲು ಕೇಳುತ್ತಿದ್ದಾರೆ, ಒಪ್ಪಿಗೆಯೇ?' ಎಂದು ಬಂದಾಗ, ಅಡುಗೆಮನೆಯಿಂದ ಓಡಿಹೋಗಿ ತಾನೇ 'ಒಪ್ಪಿಗೆ' ಒತ್ತಿ, ಓಡಿ ವಾಪಸು ಬಂದಿದ್ದ. ಭೇಷ್, ಕೆಲಸ ಮಾಡುತ್ತಿದೆ ಎಂದುಕೊಂಡ. ಆಮೇಲೆ ಬಟ್ಟೆ ತುಂಬಿಕೊಂಡ, ಮೇನ್ ಇಳಿಸಿದ, ಬೀಗ ಹಾಕಿದ, ಹೊರಟ. ಕೈಗೆ ಅಭ್ಯಾಸವಾದದ್ದನ್ನು ತಲೆ ಎಲ್ಲಿ ಗಮನಿಸುತ್ತದೆ?

ಈಗ ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಕೂತು ಎಂಟು ಸಲ ಪ್ರಯತ್ನಿಸಿದ್ದ. ಲಿಫ್ಟ್ ನಿಲ್ಲಿಸಿದ್ದರಿಂದ ಹೊರಗೆ ಇಬ್ಬರು ವಾರ್ಡಿನವರು ಸ್ಟ್ರೆಚರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಕೊನೆಗೆ ಪ್ರೋಗ್ರಾಂ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ.

"ಸರ್, ಆ ಕಂಪ್ಯೂಟರ್ ಆನ್ ಇದೆಯಾ?" ಎಂದಳು ಆ ಕಡೆಯ ಹುಡುಗಿ.

"ಆನ್ ಮಾಡೇ ಬಂದಿದೀನಮ್ಮ."

"ಕರೆಂಟ್ ಹೋಗಿರಬಹುದಾ?"

"ನಮ್ಮ ಏರಿಯಾದಲ್ಲಿ ಕರೆಂಟ್ ಹೋಗಲ್ಲ…" ಎಂದವನ ಕೈ ಜೇಬಿಗೆ ಹೋಯಿತು. ಅಲ್ಲಿ ಒಂದು ಪುಟ್ಟ ಕೀಲಿ ಸಿಕ್ಕಿತು. ಮೇನ್ ತಾನೇ ಇಳಿಸಿ ಬೀಗ ಹಾಕಿ ಬಂದದ್ದನ್ನು ಮೆಲ್ಲಗೆ ಒಪ್ಪಿಕೊಂಡ.

ಹುಡುಗಿಗೆ ನಗು ಬಂದಿರಬೇಕು, ಪಾಪ, ತಡೆದುಕೊಂಡಳು. "ಪರವಾಗಿಲ್ಲ ಸರ್. ಹೇಗಿದ್ರೂ ಅಲ್ಲಿ 'ಒಪ್ಪಿಗೆ' ಒತ್ತೋಕೆ ಒಬ್ರು ಬೇಕಾಗಿತ್ತು. ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಪಕ್ಕದ ಮನೆಯವರು? ಸ್ನೇಹಿತರು? ಯಾರಾದ್ರೂ ಒಬ್ರು ಸಾಕು ಸರ್."

ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟ. ಫೋನಿನಲ್ಲಿ ಇನ್ನೂರಹದಿನಾರು ನಂಬರುಗಳಿದ್ದವು. ಅಷ್ಟು ಜನರಲ್ಲಿ ಅವನ ಮನೆಯ ಕೀಲಿ ಇದ್ದದ್ದು ಒಬ್ಬರ ಹತ್ತಿರ ಮಾತ್ರ, ಅವನ ಅಕ್ಕ. "ನೀನು ಒಳಗೆ ಸತ್ತುಬಿದ್ರೂ ಯಾರಿಗೂ ಗೊತ್ತಾಗಲ್ಲ, ಒಂದು ಕೀಲಿ ಕೊಡು ಇಲ್ಲಿ" ಎಂದು ಬೈದು ಕಿತ್ತುಕೊಂಡು ಹೋಗಿದ್ದಳು. ಅಕ್ಕನ ಮನೆ ಎರಡು ಬೀದಿಯಾಚೆ. ಮಾತು ನಿಂತು ನಾಲ್ಕು ವರ್ಷವಾಗಿತ್ತು.

ಜಗಳವೇನೂ ಆಗಿರಲಿಲ್ಲ. ಭಾವನಿಗೆ ಎದೆನೋವು ಬಂದ ದಿನ ಅಕ್ಕ ಹನ್ನೊಂದು ಸಲ ಫೋನ್ ಮಾಡಿದ್ದಳು. ಇವನು ಯಾವುದೋ ಊರಿನ ಲಿಫ್ಟ್ ಗುಂಡಿಯೊಳಗಿದ್ದ, ಫೋನು ಮೇಲ್ಗಡೆ ಚೀಲದಲ್ಲಿತ್ತು. ಅದಕ್ಕೆ ಅಕ್ಕನೂ ಏನೂ ಅಂದಿರಲಿಲ್ಲ. ಆದರೆ ಮೇಲೆ ಬಂದು ಹನ್ನೊಂದು ಕರೆ ನೋಡಿದ ಮೇಲೂ, ಕೆಲಸ ಮುಗಿಸಿಯೇ ಮಾತಾಡೋಣ ಎಂದು ಅವನು ಮತ್ತೆ ಗುಂಡಿಗೆ ಇಳಿದಿದ್ದ. ಇದು ಅವನೊಬ್ಬನಿಗೇ ಗೊತ್ತಿತ್ತು. ಸುದ್ದಿ ತಿಳಿದು ಹೊರಟು ಬಂದಾಗ ಭಾವ ತೀರಿಕೊಂಡು ಅಂತ್ಯಕ್ರಿಯೆಯೂ ಮುಗಿದಿತ್ತು. ಅಕ್ಕನ ಮುಂದೆ ಕಾಲು ಗಂಟೆ ಕೂತು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸಿಟ್ಟಲ್ಲ, ನಾಚಿಕೆ.

ಇವತ್ತು ಅಕ್ಕ ಎತ್ತದಿದ್ದರೆ ತನ್ನದೆನ್ನುವ ಒಂದು ಜೀವವೂ ಇಲ್ಲವೆಂದೇ ಅರ್ಥ ಎಂದು ಅವನಿಗೆ ಅನ್ನಿಸಿತು. ಲಿಫ್ಟಿನ ಹಗ್ಗದ ಚಿಂತೆ ಹಿಂದೆ ಸರಿಯಿತು. ನಂಬರ್ ಒತ್ತಿದ.

ಎರಡನೇ ರಿಂಗಿಗೇ ಎತ್ತಿದಳು. "ಹೇಳು ಪುಟ್ಟ."

ಐವತ್ತನಾಲ್ಕು ವರ್ಷದ ಪುಟ್ಟ ಕೂತಲ್ಲಿಂದ ಎದ್ದು ನಿಂತ. ಹೇಗಿದ್ದೀಯ ಎಂದು ಕೇಳುವುದಕ್ಕೂ ಬಾಯಿ ಬರದೆ, ಮೇನ್ ಸ್ವಿಚ್ಚು, ಬೀಗ, ಹಗ್ಗ ಎಂದು ಏನೇನೋ ತಡವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡು, "ಹೋಗ್ತೀನಿ ಇರು" ಎಂದಳು.

ಇಪ್ಪತ್ತು ನಿಮಿಷಕ್ಕೆ ಅವಳೇ ಕರೆ ಮಾಡಿದಳು. "ಒಳಗೆ ಬಂದೆ. ಮನೇನಾ ಇದು, ಗೋಡೌನಾ? ಬೀಗ ಒಡೀಬೇಕು. ಸುತ್ತಿಗೆ ಎಲ್ಲಿಟ್ಟಿದೀಯ?"

"ಸುತ್ತಿಗೆ ನನ್ನ ಜೊತೇಲಿ ಇಲ್ಲೇ ಇದೆ ಅಕ್ಕ."

"ಸರಿಹೋಯ್ತು. ಪಕ್ಕದ ಮನೇಲಿ ಕೇಳ್ತೀನಿ. ಯಾರಿರೋದು ಅಲ್ಲಿ?"

ಅವನಿಗೆ ಗೊತ್ತಿರಲಿಲ್ಲ. ಫೋನ್ ಹಾಗೇ ಹಿಡಿದು ಅವಳು ಹೋದಳು. ಹೆಂಗಸರ ಮಾತು, ನಗು ದೂರದಿಂದ ಕೇಳಿಸಿತು. ಸುತ್ತಿಗೆ ತಂದವಳು, "ಈ ಮನೆ ಖಾಲಿ ಇದೆ ಅಂದ್ಕೊಂಡಿದ್ರಂತೆ ಕಣೋ ಅವರು" ಎಂದಳು. ಅವನು ಆ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು.

ನಾಲ್ಕು ಏಟಿಗೆ ಬೀಗ ಬಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವನ ಬೀಗವನ್ನು ಬೇರೆಯವರು ತೆಗೆದದ್ದು ಅದೇ ಮೊದಲು. ಅಕ್ಕ ಮೇನ್ ಎತ್ತಿ ಕಂಪ್ಯೂಟರ್ ಆನ್ ಮಾಡಿದಳು, ಅದು ಪಾಸ್‌ವರ್ಡ್ ಕೇಳಿತು.

"ಒಂದರಿಂದ ಎಂಟು," ಎಂದ.

"ಅಂದ್ರೆ?"

"ಒಂದು ಎರಡು ಮೂರು… ಎಂಟರ ತನಕ."

"ಇಷ್ಟಕ್ಕಾ ಅಷ್ಟೊಂದು ಬೀಗ!" ಎಂದು ಅಕ್ಕ ನಕ್ಕಳು. ಅವನೂ ನಕ್ಕ. ಸ್ಟೋರ್ ರೂಮಿನಲ್ಲಿ ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅವನು ಇಲ್ಲಿಂದ ಒತ್ತಿದ, ಅವಳು ಅಲ್ಲಿ ಒಪ್ಪಿಗೆ ಕೊಟ್ಟಳು. ಅವನ ಮನೆಯ ಪರದೆ ಲ್ಯಾಪ್‌ಟಾಪಿನ ಮೇಲೆ ಮೂಡಿತು. ಪುಟ್ಟ ಬಾಣದ ಗುರುತೊಂದು ಅತ್ತಿತ್ತ ಅಲೆಯುತ್ತಿತ್ತು. ತಾನು ಮುಟ್ಟಿರಲಿಲ್ಲ, ಮೌಸಿನ ಮೇಲೆ ಅಕ್ಕನ ಕೈಯಿತ್ತು. ಅದು ನಿಲ್ಲುವವರೆಗೂ ನೋಡುತ್ತ ಕೂತ. ಆಮೇಲೆ ಅಳತೆಯ ಕಡತ ತೆರೆದು ಎಳೆದುಕೊಂಡ. ಸವೆತ ಮಿತಿ ಮೀರಿತ್ತು, ಹಗ್ಗ ಬದಲಿಸಲೇಬೇಕಿತ್ತು.

"ಸಿಕ್ತಾ?"

"ಸಿಕ್ತು." ಈಗಲಾದರೂ ಹೇಳಬೇಕು ಎಂದುಕೊಂಡ. "ಅಕ್ಕ, ಅವತ್ತು ನಿನ್ನ ಫೋನು…"

"ನೀನು ನೋಡಿದ್ದೆ, ಅಲ್ವಾ?"

ಅವನು ತೆರೆದಿದ್ದ ಕಡತವನ್ನು ಮುಚ್ಚಿದ.

"ನಂಗೊತ್ತು ಪುಟ್ಟ. ನೋಡಿರದಿದ್ರೆ ನೀನು ಬರೋದು ನಿಲ್ಲಿಸ್ತಿರಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಇಲ್ಲೊಂದು ಚೌಕ ಇದೆ. 'ಮುಂದೆ ಒಪ್ಪಿಗೆ ಕೇಳಬೇಡ' ಅಂತ ಬರೆದಿದೆ. ಒತ್ತಿದ್ರೆ ನಿಂಗೆ ಇನ್ನು ಯಾರೂ ಬೇಕಾಗಲ್ಲ, ಅಲ್ವಾ?"

"ಬೇಡ ಅಕ್ಕ. ಅದು ಹಾಗೇ ಇರಲಿ."

"ಒತ್ತಿರ್ತೀನಿ ಕಣೋ. ಮುಂದಿನ ಸಲ ನಾನು ಎತ್ತದೆ ಹೋದ್ರೆ ನೀನು ಯಾರನ್ನ ಹುಡುಕ್ತೀಯ?"

ಪರದೆಯ ಮೇಲೆ ಬಾಣ ಸರಿದು ಆ ಚೌಕದ ಮೇಲೆ ನಿಂತಿತು, ಗುರುತು ಬಿತ್ತು. ತನ್ನ ಹತ್ತಿರವಿದ್ದ ಮನೆಯ ಕೀಲಿಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ಬಾಗಿಲು ಎಳೆದುಕೊಂಡು ಹೋಗುತ್ತೇನೆ, ಮೇನ್ ಆನ್ ಇರಲಿ ಎಂದು ಹೇಳಿ ಫೋನ್ ಇಟ್ಟಳು.

ಸಂಜೆ ವರದಿ ಕಳಿಸಿದ ಮೇಲೆ, ಏನೂ ಕೆಲಸವಿಲ್ಲದಿದ್ದರೂ ಅವನು ಮತ್ತೊಮ್ಮೆ ಮನೆಯ ಕಂಪ್ಯೂಟರಿಗೆ ಹೋದ. ಅದು ಏನೂ ಕೇಳದೆ ತಕ್ಷಣ ತೆರೆದುಕೊಂಡಿತು. ಬಾಣ ಪರದೆಯ ನಡುವೆ ನಿಂತಿತ್ತು. ತನ್ನ ಕೈ ತಾಗಿದರೆ ಅಲುಗೀತೆಂದು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದ. ಅದು ಅಲುಗಲಿಲ್ಲ.