ಮಿಲ್ಲಿನ ಮನೆ ಡೇರೆ

ಡೇರೆ, ಅಂದರೆ ಡೇಲಿಯಾ ಗಿಡದ ಎಲೆಯನ್ನು ಬೆರಳಲ್ಲಿ ಹೊಸಕಿದಾಗ ಬರುವ ಹಸಿ ಒಗರು ವಾಸನೆ ನಿಮಗೂ ಗೊತ್ತಿರಬಹುದು. ಅಷ್ಟು ದೊಡ್ಡ ಹೂವಿಗೆ ಪರಿಮಳವೆಂಬುದಿಲ್ಲ, ಇರುವ ವಾಸನೆಯೆಲ್ಲ ಎಲೆಗೆ, ದಂಟಿಗೆ. ಹೋದ ವರ್ಷ ದಸರಾ ಕಳೆದ ಮೇಲೆ ಮಗಳು ರಶ್ಮಿ ನನ್ನನ್ನು ಜಪಾನ್ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಒಂದು ದೊಡ್ಡ ಹೂದೋಟದ ಗೇಟು ದಾಟುತ್ತಿದ್ದಂತೆ ಅದೇ ವಾಸನೆ ಮೂಗಿಗೆ ಬಡಿಯಿತು. ಋತುವಿಗೊಂದು ಹೂವನ್ನು ಗುಡ್ಡದ ತುಂಬ ಬೆಳೆಸುವ ಜಾಗವಂತೆ ಅದು. ನಾವು ಹೋದಾಗ ಡೇರೆಯ ಸರದಿ. ನಮ್ಮ ಗುಂಪಿನವರೆಲ್ಲ ಮೊಬೈಲು ಎತ್ತಿಕೊಂಡು ಇಳಿಜಾರಿನತ್ತ ಓಡಿದರು. ಅರವತ್ತು ದಾಟಿದ ನಾನು ಗೇಟಿನ ಹತ್ತಿರವೇ ನಿಂತು, ನಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ದೊಡ್ಡಮ್ಮನ ಅಂಗಳಕ್ಕೆ ಹೋಗಿಬಿಟ್ಟಿದ್ದೆ.

ದೊಡ್ಡಮ್ಮನೆಂದರೆ ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ಮನೆಗೆ ತಾಗಿಕೊಂಡೇ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಕೊಪ್ಪದಲ್ಲಿ ಶಾಲೆಗೆ ರಜೆ ಸಿಕ್ಕಿತೋ, ನಾನು ಅಲ್ಲಿಗೆ ಹಾಜರ್. ಮಿಲ್ಲಿನ ಬೆಲ್ಟು ಪಟಪಟ ಬಡಿಯುವ ಸದ್ದು, ಬಿಸಿ ಹಿಟ್ಟಿನ ಘಮ, ದೊಡ್ಡಪ್ಪನ ರೆಪ್ಪೆಯ ಮೇಲೂ ಬಿಳಿ ಪುಡಿ. ಅಂಗಳದ ಡೇರೆ ಎಲೆಗಳ ಮೇಲೂ ಹಿಟ್ಟು ಕೂತಿರುತ್ತಿತ್ತು. ಸುತ್ತಮುತ್ತಲಿನ ಹೆಂಗಸರು ಅಕ್ಕಿ, ಗೋಧಿಯ ಡಬ್ಬ ಹೊತ್ತು ಬಂದು ಜಗಲಿಯಲ್ಲಿ ಕೂತು ಸರದಿ ಕಾಯುತ್ತಿದ್ದರು. ಕಾಯುವಾಗ ಕಣ್ಣೆಲ್ಲ ಹೂವಿನ ಮೇಲೆ. ಡೇರೆಯೆಂದರೆ ನಮ್ಮ ಕಡೆಯ ಹೆಂಗಸರಿಗೆ ಹುಚ್ಚು. ಬೇಸಿಗೆಯಲ್ಲಿ ಗೆಡ್ಡೆ ಅಗೆದು, ಬೂದಿಯಲ್ಲಿ ಹೊರಳಿಸಿ, ಅಟ್ಟದ ಮೇಲೆ ಬುಟ್ಟಿಯಲ್ಲಿಡುವುದು. ಮೊದಲ ಮಳೆಗೆ ಇಳಿಸಿ ನೆಡುವುದು. ಹೂವಿಗೆ ಹೆಸರಿಡುವುದೂ ಅವರೇ. ಯಾವ ಮನೆಯಿಂದ ಬಂತೋ ಆ ಮನೆಯದೇ ಹೆಸರು: ಮೇಗುಂದದ ಹಳದಿ, ಮೆಣಸೆ ಅತ್ತಿಗೆಯ ಬಿಳಿ. ದೊಡ್ಡಮ್ಮನ ಅಂಗಳದಿಂದ ಊರೂರಿಗೆ ಹೋದದ್ದು ಕಪ್ಪುಗೆಂಪು ಎಸಳಿನ, ತುದಿಗೆ ಮಾತ್ರ ಹಿಟ್ಟು ಮುಟ್ಟಿಸಿದ ಹಾಗೆ ಬೆಳ್ಳಗಿರುವ ಹೂ. ಎಲ್ಲರ ಬಾಯಲ್ಲೂ ಅದು ಮಿಲ್ಲಿನ ಮನೆ ಡೇರೆ.

ದೊಡ್ಡಪ್ಪ ಹೋದ ಮೇಲೆ ಮಿಲ್ಲು ನಿಂತಿತು. ದೊಡ್ಡಮ್ಮ ಹೋದದ್ದು ಒಂದು ಬೇಸಿಗೆಯಲ್ಲಿ, ಗೆಡ್ಡೆಗಳೆಲ್ಲ ಅಟ್ಟದಲ್ಲಿದ್ದಾಗ. ಆ ದುಃಖದಲ್ಲಿ ಬುಟ್ಟಿಯ ನೆನಪು ಯಾರಿಗೂ ಆಗಲಿಲ್ಲ. ಮಳೆಗಾಲ ಬಂದು ಹೋಯಿತು. ದೊಡ್ಡಮ್ಮನ ಮಕ್ಕಳು, ನನ್ನ ಅಣ್ಣಂದಿರು, ಜಾಗ ಮಾರಿದರು. ಕೊಂಡವರು ಮನೆ ಕೆಡವುವಾಗ, ಒಣಗಿ ಕಟ್ಟಿಗೆಯಂತಾಗಿದ್ದ ಗೆಡ್ಡೆಗಳು ಹೆಂಚಿನ ಚೂರಿನ ಜೊತೆ ಕಸಕ್ಕೆ ಹೋದವು. ಈಗ ಅಲ್ಲಿ ಹಾರ್ಡ್‌ವೇರ್ ಅಂಗಡಿ, ಅಂಗಳಕ್ಕೆ ಸಿಮೆಂಟು. ಊರೂರಿಗೆ ಹೋದ ಹೂ, ಎಲ್ಲಾದರೂ ಉಳಿದಿದ್ದೀತೆಂದು ಮದುವೆ ಮುಂಜಿಗೆ ಹೋದಲ್ಲೆಲ್ಲ ಕೇಳಿದೆ. ಎಲ್ಲರಿಗೂ ನೆನಪಿತ್ತು, ಯಾರ ಹತ್ತಿರವೂ ಇರಲಿಲ್ಲ. "ಇತ್ತು ಮಾರಾಯ್ತಿ, ಎಂತ ಚಂದ ಇತ್ತು! ಒಂದು ಮಳೆಗಾಲ ಕೊಳ್ತು ಹೋಯ್ತು," ಎಂದರು ಮೇಗುಂದದವರು. ಇಷ್ಟು ಜನ ಪ್ರೀತಿಸಿದ ಹೂವನ್ನು ಇಷ್ಟು ಜನ ಸೇರಿಯೇ ಕಳೆದೆವಲ್ಲ ಎಂದು ಸಂಕಟವಾಗುತ್ತಿತ್ತು. ಒಂದು ಕುಡಿ ಎಲ್ಲಿ ಸಿಕ್ಕರೂ ಸರಿ, ನನ್ನ ಮನೆಯ ಮುಂದೆ ಅದನ್ನೊಮ್ಮೆ ಅರಳಿಸಬೇಕು ಎಂಬ ಆಸೆ ಮಾತ್ರ ಬಿಟ್ಟುಹೋಗಲಿಲ್ಲ.

ಅದು ಜಪಾನಿನ ಆ ಗುಡ್ಡದ ಮೇಲಿತ್ತು. ಒಂದು ಮಡಿಯ ತುಂಬ ಅದೇ ಕಪ್ಪುಗೆಂಪು, ಅದೇ ಬಿಳಿ ತುದಿ. ಪಕ್ಕದಲ್ಲಿ ಅವರ ಲಿಪಿಯಲ್ಲಿ ಹೆಸರಿನ ಫಲಕ. ಹೆಸರು ಅವರು ಏನಾದರೂ ಇಟ್ಟುಕೊಳ್ಳಲಿ, ನನಗೆ ಗೊತ್ತಿತ್ತು. ಕಣ್ಣು ತುಂಬಿ ಬಂತು. ಬುಡದಲ್ಲಿ ಎಳೆ ಕುಡಿಗಳಿದ್ದವು. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಊರು ಮುಟ್ಟುವ ತನಕ ತಡೆದೀತು ಎಂದು ಯೋಚಿಸುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿತ್ತು. ನಮ್ಮಲ್ಲಿ ಇದನ್ನು ಕಳ್ಳತನ ಅನ್ನುವುದಿಲ್ಲ ಎಂದು ನಿಮಗೆ ಹೇಳಬೇಕಿಲ್ಲ. ಕೇಳದೆ ತಂದ ಕುಡಿಯೇ ಚೆನ್ನಾಗಿ ಬೇರು ಹಿಡಿಯುತ್ತದೆಂದು ನಂಬಿ ಬೆಳೆದ ಕೈ ಅದು. ಚಿವುಟಿದ್ದನ್ನು ಸೆರಗಿನೊಳಗೆ ಸೇರಿಸಿ ತಲೆ ಎತ್ತಿದರೆ, ಬಾಡಿದ ಹೂ ಕೊಯ್ಯುತ್ತಿದ್ದ ತೋಟದ ಹೆಂಗಸೊಬ್ಬಳು ಎದುರಿಗೇ ನಿಂತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಗದರಲಿಲ್ಲ. ಮೆಲ್ಲಗೆ ಏನೋ ಹೇಳಿ, ನನ್ನ ಸೆರಗಿನ ಕಡೆ ಎರಡೂ ಕೈ ಚಾಚಿದಳು.

ಕುಡಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅಷ್ಟರಲ್ಲಿ ನಮ್ಮ ಗುಂಪಿನವರು ಸುತ್ತ ಸೇರಿದ್ದರು. "ಎಂತಾಯ್ತು, ಎಂತಾಯ್ತು?" ಎಂದು ಹಿಂದಿದ್ದವರು ಕೇಳುವುದು, "ಗಿಡ ಕಿತ್ರಂತೆ" ಎಂದು ಮುಂದಿದ್ದವರು ಪಿಸುಗುಡುವುದು ಎಲ್ಲ ಕಿವಿಗೆ ಬೀಳುತ್ತಿತ್ತು. ರಶ್ಮಿ ಜನರನ್ನು ಸರಿಸಿಕೊಂಡು ಬಂದಳು. ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಮಾಡುವವಳು, ತುಂಬಿದ ಕ್ಲಾಸನ್ನು ಕಣ್ಣಲ್ಲೇ ಸುಮ್ಮನಿರಿಸುವವಳು. ನನ್ನನ್ನೂ ಆ ಹೆಂಗಸಿನ ಕೈಯನ್ನೂ ನೋಡಿದಳು, ಮುಖ ಕೆಂಪಾಯಿತು. ಹೋಟೆಲಿನಲ್ಲಿ ನೀರು ಕೇಳಲೆಂದು ಕಲಿತಿದ್ದ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂಬ ಒಂದೇ ಮಾತನ್ನು ಹೇಳುತ್ತ ಸೊಂಟ ಬಗ್ಗಿಸಿದಳು. ಎದ್ದು ಮತ್ತೆ ಬಗ್ಗಿದಳು. ಆ ಹೆಂಗಸೂ ತಿರುಗಿ ಬಗ್ಗಿದಳು. ತಪ್ಪು ಮಾಡದ ಇಬ್ಬರು ಹಾಗೆ ಒಬ್ಬರಿಗೊಬ್ಬರು ಬಗ್ಗುತ್ತಿದ್ದರೆ, ತಪ್ಪು ಮಾಡಿದ ನಾನು ಗರಬಡಿದವಳಂತೆ ನೆಟ್ಟಗೆ ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಅನಿಸಿತು.

ಬಸ್ಸಿನಲ್ಲಿ ರಶ್ಮಿ ನನ್ನ ಪಕ್ಕದಲ್ಲೇ ಕೂತಳು. ಆಮೇಲೆ, "ಕೇಳಿದ್ರೆ ಕೊಡ್ತಿದ್ರೇನೋ ಅಮ್ಮ. ನನ್ ಹತ್ರ ಹೇಳಿದ್ರೂ ಕೇಳಿ ನೋಡ್ತಿದ್ದೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ತಪ್ಪಾಯ್ತು ಕೂಸೇ," ಎಂದೆ.

ಹೇಳಬೇಕಾದದ್ದು ಇನ್ನೂ ಇತ್ತು. ಹಿಟ್ಟಿಗೆ ಬಂದ ಹೆಂಗಸೊಬ್ಬಳ ಕಣ್ಣು ಒಂದೇ ಗಿಡದ ಮೇಲೆ ನೆಟ್ಟಿತೆಂದರೆ ದೊಡ್ಡಮ್ಮ, "ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಒಲೆಯ ಮೇಲೆ ಹಾಲಿರುತ್ತಿರಲಿಲ್ಲ. ಗಿಡ ಕಾಯಲು ಜಗಲಿಯಲ್ಲೇ ಉಳಿದ ನನ್ನನ್ನೂ ಒಂದು ಸಲ ಕೂಗಿ ಕರೆದಳು. "ಕುಡಿ ಮುರೀತಾರೆ ದೊಡ್ಡಮ್ಮ," ಎಂದೆ. "ಮುರ್ಕಳ್ಲಿ ಬಿಡು. ನಾವು ಎದುರಿಗೆ ನಿಂತ್ರೆ ಪಾಪ ಅವ್ರಿಗೆ ನಾಚ್ಕೆ ಆಗ್ತದೆ. ಕೇಳಿಸ್ಕಂಡು ಕೊಟ್ರೆ ಅವ್ರು ಬೇಡಿದವ್ರಾಗ್ತಾರೆ, ಅದೆಂತಕ್ಕೆ ಬೇಕು?" ಎಂದಳು. ಅಡುಗೆಮನೆಯ ಅರೆಗತ್ತಲಲ್ಲಿ, ಅಂಗಳಕ್ಕೆ ಬೆನ್ನು ಮಾಡಿ, ನಾವಿಬ್ಬರೂ ಸುಮ್ಮನೆ ನಿಂತಿದ್ದೆವು. ಹೊರಗಿನವಳು ಕೆಮ್ಮಿ, "ಬರ್ತೀನಕ್ಕಾ," ಎಂದ ಮೇಲೇ ದೊಡ್ಡಮ್ಮ ಹೊರಗೆ ಬಂದದ್ದು. ಈಗ ಆ ಮನೆಯೂ ಇಲ್ಲ, ಹಾಗೆ ಬೆನ್ನು ತಿರುಗಿಸಿ ನಿಲ್ಲುವವರೂ ಇಲ್ಲ. ತನ್ನ ಅಂಗಳದಲ್ಲಿ ಯಾರೂ ಕುಗ್ಗಬಾರದೆಂದು ಒಳಗೆ ಹೋಗಿ ನಿಲ್ಲುತ್ತಿದ್ದವಳ ಹೂವಿಗಾಗಿ ನಾನು, ಹೆತ್ತ ಮಗಳು ಪರದೇಶದವರ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳುವಂತೆ ಮಾಡಿದೆ.