ಮೂರು ಬಾವಿ ಮನೆಯ ಹಾಡು

ಅತ್ತೆಯ ಹಲ್ಲು ಮುರಿದದ್ದು ಆರ್.ಎಸ್. ಪುರಂನ ಸ್ಟುಡಿಯೋದಲ್ಲಿ, ಆಲ್ಬಮ್ಮಿನ ಎರಡನೇ ಹಾಡು ರೆಕಾರ್ಡ್ ಆಗುತ್ತಿದ್ದಾಗ. ಮೊದಲನೆಯದು ಆಗಲೇ ಬಿಡುಗಡೆಯಾಗಿತ್ತು. ಎಲ್ಲಕ್ಕೂ ಕಾರಣ ಅದೇ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಕಾರಮಡೈ ಹತ್ತಿರದ ಬಾಳೆತೋಟದ ಮನೆಗೆ ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೂ ಮೈದುನನ ಸಂಸಾರದ ಜೊತೆ ಅಲ್ಲೇ ಇದ್ದಳು. ಕಳೆ ಕೀಳುತ್ತ ಅವಳು ಹಾಡುತ್ತಿದ್ದ ಹಾಡುಗಳು ತಲೆಮಾರುಗಳಿಂದ ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಮನೆಗನ್ನಡದವು, ಅರ್ಧಕ್ಕರ್ಧ ತಮಿಳು ಬೆರೆತವು. ರೆಕಾರ್ಡ್ ಮಾಡಿಸಲೇಬೇಕೆಂದು ಹಟ ಹಿಡಿದವಳು ನಾನು. ಮನೆಯ ಮಹಡಿಯಲ್ಲೇ ಸ್ಟುಡಿಯೋ ಇಟ್ಟುಕೊಂಡಿದ್ದ ಪರಿಚಯದವನೊಬ್ಬ ಒಪ್ಪಿದ.

ಮೊದಲಿಗೆ ಯಾವುದು ಅಂತ ಕೇಳಿದರೆ, ಅತ್ತೆ ಮೂರು ಬಾವಿ ಮನೆಯ ಹಾಡನ್ನೇ ಆರಿಸಿಕೊಂಡಳು. ಆ ಮನೆಯ ಮಗಳೊಬ್ಬಳು ತಾನು ಮೆಚ್ಚಿದವನ ಜೊತೆ ಹೊರಟುಹೋಗುತ್ತಾಳೆ. ಅಣ್ಣಂದಿರು ಹಬ್ಬದೂಟಕ್ಕೆಂದು ನಂಬಿಸಿ ಕರೆತರುತ್ತಾರೆ. ಉಂಡು ಕೈ ತೊಳೆಯಲು ಬಗ್ಗಿದವಳ ಕುತ್ತಿಗೆಗೆ ಬಾಳೆಗೊನೆ ಕಡಿಯುವ ಕತ್ತಿ ಬೀಸುತ್ತಾರೆ. ಅದು ಕಟ್ಟುಕತೆಯಲ್ಲ. ಮೂರು ಬಾವಿ ಮನೆ ಅತ್ತೆ ಸೇರಿದ ಮನೆ. ಸತ್ತವಳು ಅವಳ ಗಂಡನ ಅಪ್ಪನ ತಂಗಿ. ಹಾಡು ಕಲಿಸಿದ್ದು ಅತ್ತೆಯ ಗಂಡನ ತಾಯಿ, ಗಂಡಸರು ಇಲ್ಲದ ಹೊತ್ತಿನಲ್ಲಿ.

"ಇದು ಬೇಡ ಅತ್ತೆ. ನಿಮ್ಮ ಮನೆಯವರು ಬಿಡ್ತಾರಾ?" ಅಂದೆ.

"ನಾ ಹೋದ್ರೆ ಇದ ಯಾರು ಹಾಡ್ತಾರೆ ಕಣ್ಣು?" ಅಂದಳು. ಮುದ್ದಿಗೆ ಅವಳು ನನ್ನನ್ನು ಕಣ್ಣು ಅಂತಲೇ ಕರೆಯುವುದು.

ಇಂಟರ್ನೆಟ್ಟಿಗೆ ಹಾಕುವಾಗ ಶೀರ್ಷಿಕೆಯನ್ನು ತಮಿಳು ಅಕ್ಷರದಲ್ಲೇ ಬರೆದೆವು, ನಮ್ಮವರಲ್ಲಿ ಕನ್ನಡ ಓದಬಲ್ಲವರು ಕಡಿಮೆ. ಹಾಡು ಮೊಬೈಲಿಂದ ಮೊಬೈಲಿಗೆ ಹರಿಯಿತು. ಕಿಣತ್ತುಕಡವಿನ ಒಂದು ಮದುವೆಯಲ್ಲಿ ಹೆಂಗಸರು ಅಡುಗೆಮನೆಯಲ್ಲಿ ಕೂತು ಅದನ್ನೇ ಹಾಕಿಹಾಕಿ ಕೇಳಿದರಂತೆ. ಅತ್ತೆಯ ಮೈದುನನಿಗೂ ಅಲ್ಲೇ ಕೇಳಿಸಿತು.

ಎರಡನೇ ಹಾಡಿನ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಅವನು ಇಬ್ಬರು ಗಂಡುಮಕ್ಕಳೊಂದಿಗೆ ಸ್ಟುಡಿಯೋಗೆ ಬಂದ. ಬಾಗಿಲು ಒದ್ದ ಸದ್ದು, ಒಳಬರುತ್ತಲೇ ಅವನು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಮಕ್ಕಳು ಸ್ಟುಡಿಯೋದವನನ್ನು ಗೋಡೆಗೆ ಅಪ್ಪಳಿಸಿ, ಕಂಪ್ಯೂಟರ್ ಎತ್ತಿ ನೆಲಕ್ಕೆ ಬಡಿದರು. ಮೈದುನ ಮೈಕಿನ ಕಬ್ಬಿಣದ ಸ್ಟ್ಯಾಂಡ್ ಕಿತ್ತು ಅತ್ತೆಯ ತಲೆಗೆ ಬೀಸಿದ. ನಾನು ಕೈ ಅಡ್ಡ ಹಿಡಿದೆ. ಮೂಳೆ ಮುರಿದದ್ದು ನೋವಿಗಿಂತ ಮೊದಲು ಕೇಳಿಸಿತು. ಎರಡನೇ ಏಟು ಅವಳ ಬಾಯಿಗೆ ಬಿತ್ತು.

"ಹಾಡು ತೆಗೆಸು! ಮನೆತನದ ಮಾನ ಕಳೀತೀಯಾ?"

ಅತ್ತೆ ಬೀಳಲಿಲ್ಲ. ಬಾಯಿಂದ ರಕ್ತ ಸುರಿಸುತ್ತಲೇ ಅವನ ಅಂಗಿಯ ಕೊರಳು ಹಿಡಿದಳು. "ನಿನ್ನ ಸೋದರತ್ತೆ ಕಣೋ ಅವಳು! ಅವಳ ಹೆಸರಾದ್ರೂ ಗೊತ್ತೇನೋ ನಿನಗೆ?"

ಅವನಿಗೆ ಗೊತ್ತಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಅವಳ ಹೊಟ್ಟೆಗೆ ಒದ್ದ. ಕೆಳಗಿನಿಂದ ಜನ ಓಡಿ ಬರುವವರೆಗೂ ಒದೆಯುತ್ತಲೇ ಇದ್ದ.

ಒಡೆದ ಕಂಪ್ಯೂಟರಿನ ಡಿಸ್ಕ್ ಉಳಿದಿತ್ತು. ಕಂಪ್ಯೂಟರ್ ನೆಲಕ್ಕೆ ಬೀಳುವವರೆಗಿನದೆಲ್ಲ ಅದರಲ್ಲಿತ್ತು: ಬಾಗಿಲ ಸದ್ದು, ಮೈದುನನ ದನಿ, ಬೈಗುಳ. ಪೊಲೀಸರು ಅದನ್ನು ಕೇಳಿ ಮೂವರ ಮೇಲೂ ಕೇಸು ಹಾಕಿದರು. ನೆಂಟರು ಆಸ್ಪತ್ರೆಗೇ ಬಂದು ರಾಜಿಗೆ ಕೂತರು. ಹಾಡು ತೆಗೆದರೆ ಅತ್ತೆಯನ್ನು ಮರ್ಯಾದೆಯಿಂದ ಮನೆಗೆ ಕರೆದುಕೊಳ್ಳುತ್ತಾರಂತೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು, ಹಾಡನ್ನು ನಾವು ತೆಗೆಯಲಿಲ್ಲ.

ಡಿಸ್ಕಿನಲ್ಲಿದ್ದ ಆ ಗಲಾಟೆಯ ರೆಕಾರ್ಡಿಂಗನ್ನೂ ಬಿಡುಗಡೆ ಮಾಡೋಣ, ಲೋಕ ಕೇಳಲಿ ಅಂತ ಸ್ಟುಡಿಯೋದವನು ಹೇಳಿದ. ನನಗೂ ಸಿಟ್ಟಿತ್ತು, ಸರಿಯೆನಿಸಿತು. ಅತ್ತೆ ಒಪ್ಪಲಿಲ್ಲ. "ಅವಳ ಸಾವಿಗೆ ಹಾಡುಂಟು. ನನ್ನ ಏಟಿಗೆ ಬೇಡ. ಮಿಕ್ಕ ಪಾಟ್ಟು ಹಾಡ್ತೀನಿ, ಬಾ."

ಗಾಯ ಮಾಗಿದ ಮೇಲೆ ಹಾಡಿದಳು. ಆದರೆ ಸ್ಟುಡಿಯೋದ ಬಾಗಿಲು ಮುಚ್ಚಿದೊಡನೆ ಅವಳ ಉಸಿರು ಕಟ್ಟುತ್ತಿತ್ತು. ಕೊನೆಗೆ ಬಾಗಿಲು ತೆರೆದಿಟ್ಟೇ ರೆಕಾರ್ಡ್ ಮಾಡಿದೆವು. ಮೊದಲ ಹಾಡೊಂದನ್ನು ಬಿಟ್ಟರೆ ಆಲ್ಬಮ್ಮಿನ ಉದ್ದಕ್ಕೂ ಬೀದಿಯ ಆಟೋ, ಬಸ್ಸಿನ ಹಾರ್ನ್ ಕೇಳಿಸುತ್ತದೆ. ಕೇಸು ಇನ್ನೂ ನಡೆಯುತ್ತಿದೆ. ಅತ್ತೆ ಈಗ ನನ್ನ ಜೊತೆಗಿದ್ದಾಳೆ.