ಅತ್ತೆಗೆ ಹೊಡೆದ ಭಾನುವಾರ

ಇವತ್ತು ನಾನು ಮಾಡಿದ ಕೆಲಸಗಳು ಇಷ್ಟು: ನೀರು ಬರುವ ಹೊತ್ತಿಗೆ ಎದ್ದು ಬಕೆಟುಗಳನ್ನು ತುಂಬಿದೆ. ಅತ್ತೆಯ ಎದುರಿಗೇ ನಿಂತು ಬಿ.ಪಿ. ಮಾತ್ರೆ ನುಂಗಿಸಿದೆ; ನಿಲ್ಲದಿದ್ದರೆ ಅದು ತುಳಸಿ ಕುಂಡಕ್ಕೆ ಹೋಗುತ್ತದೆ. ನೆನೆಹಾಕಿದ್ದ ಅಕ್ಕಿ ರುಬ್ಬಿದೆ. ಮೆಂತ್ಯ ಸೊಪ್ಪು ಬಿಡಿಸಿದೆ. ದಿಂಬುಗಳನ್ನು ಬಿಸಿಲಿಗೆ ಹಾಕಿದೆ, ಪಾರಿವಾಳಗಳು ಬಂದು ಕೂತವೆಂದು ಮತ್ತೆ ಒಳಗೆ ತಂದೆ. ಲಿಫ್ಟ್ ಕೆಟ್ಟಿದೆ ಎಂದು ಸೊಸೈಟಿಯ ಸೆಕ್ರೆಟರಿಗೆ ಫೋನು ಮಾಡಿದೆ. ಲಿಫ್ಟ್ ಕೆಟ್ಟಿದ್ದರಿಂದಲೇ ಮೈದುನ ಸದಾನಂದ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದ. ಹೆಗಲಿಗೆ ಒಂದು ಚೀಲ, ಬಗಲಲ್ಲಿ ಹಳೆಯ ಕಾಲದ ಪುಟ್ಟ ಟಿವಿ.

“ಅತ್ತಿಗೆ, ನೀರು ಕೊಡಿ. ಆಮೇಲೆ ಒಂದು ತಮಾಷೆ ತೋರಿಸ್ತೇನೆ.”

ಸದಾ ಇಲ್ಲೇ ಜೋಗೇಶ್ವರಿಯ ಒಂದು ಗಾಳೆಯಲ್ಲಿ, ಅಂದರೆ ಪುಟ್ಟ ವರ್ಕ್‌ಶಾಪಿನಲ್ಲಿ, ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವವನು. ತಮಾಷೆ ಎಂದರೆ ತೂಕದ ಯಂತ್ರವೇನಾದರೂ ಇರಬಹುದು ಎಂದುಕೊಂಡು ನಾನು ಒಲೆಯ ಕಡೆ ತಿರುಗಿದೆ. ಆಗ ಹಾಲ್‌ನಿಂದ ಒಂದು ಸದ್ದು ಬಂತು ನೋಡಿ. ತಗಡಿನ ಮೇಲೆ ಮೊಳೆ ಎಳೆದಂತೆ, ಪ್ರೆಶರ್ ಕುಕ್ಕರಿಗೆ ಹುಚ್ಚು ಹಿಡಿದಂತೆ ಕಿರ್ರೆನ್ನುವ ಸದ್ದು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಆ ಸದ್ದನ್ನು ನಾನು ಮದುವೆಯಾದ ಹೊಸತರಲ್ಲಿ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ಆದರೆ ಮೈ ಅದನ್ನು ಮರೆತಿರಲಿಲ್ಲ.

ಅದು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಆಟ ಇಳಿಯುವ ಸದ್ದು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಮನೆಯಲ್ಲಿಡುವ ಕಂಪ್ಯೂಟರ್ ಎಂದರೆ ರಬ್ಬರ್ ಗುಂಡಿಗಳ ಒಂದು ಹಲಗೆ ಅಷ್ಟೆ. ಪರದೆ ಬೇಕಾದರೆ ಮನೆಯ ಟಿವಿಗೆ ಸಿಕ್ಕಿಸಬೇಕು, ಬರೆದದ್ದನ್ನು ಉಳಿಸಬೇಕಾದರೆ ಟೇಪ್ ರೆಕಾರ್ಡರಿಗೆ. ಮಸ್ಕತ್ತಿನಲ್ಲಿದ್ದ ಸದಾನ ಸೋದರಮಾವ ಊರಿಗೆ ಬಂದಾಗ ಅದನ್ನು ಅವನ ಕೈಗಿಟ್ಟು ಹೋಗಿದ್ದರು. ಉಳಿದವರಿಗೆಲ್ಲ ತಂದದ್ದು ಸೆಂಟು, ಸೋಪು. ಅತ್ತೆಗೆ ಇಂದಿಗೂ ಆ ತಮ್ಮನ ಮೇಲೆ ಸಿಟ್ಟು.

ಈ ಬಿಲ್ಡಿಂಗ್ ಇರುವಲ್ಲೇ ಆಗ ನಮ್ಮ ಚಾಳ್ ಇತ್ತು. ಒಂದೂವರೆ ಕೋಣೆಯಲ್ಲಿ ಅತ್ತೆ, ನಮ್ಮವರು, ನಾನು, ಕಾಲೇಜು ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಸದಾ. ನಾನು ಧಾರವಾಡದ ಕಡೆಯವಳು, ಅವರು ಉಡುಪಿಯ ಕಡೆಯವರು. ಮಾಟುಂಗದ ಕನ್ನಡ ಸಂಘದ ನಾಟಕದಲ್ಲಿ ನನ್ನನ್ನು ನೋಡಿ ಕೇಳಿ ಮಾಡಿಕೊಂಡ ಮದುವೆ. ಅತ್ತೆಯ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧಕ್ಕೆ ಹೆದರಿಕೆಯಾಗುತ್ತಿತ್ತು. ಅವರು ಬಾಗಿಲ ಚೌಕಟ್ಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರೆಂದರೆ ತರಕಾರಿಯವನೂ ಮಾತಾಡದೆ ಎರಡು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದ. ಠಾಣೆಯ ಫೌಜದಾರ ನಿಂತ ಹಾಗೆ ಎಂದು ನಾನು ತವರಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಆ ದಿನಗಳಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಮಾಟುಂಗದ ಒಂದು ಆಫೀಸಿನಲ್ಲಿ ಟೈಪಿಸ್ಟ್. ತಿಂಗಳ ಕೊನೆಯೊಳಗೆ ಬರುತ್ತೇನೆ ಇಲ್ಲವೇ ಬರುವುದಿಲ್ಲ ಎಂದು ತಿಳಿಸಬೇಕು. ನಮ್ಮವರನ್ನು ಕೇಳಿದರೆ, “ಅಮ್ಮ ಹೇಳಿದ ಹಾಗೆ.” ಅತ್ತೆಯನ್ನು ಕೇಳಿದರೆ, “ನೋಡುವ.” ಆ ‘ನೋಡುವ’ ಎಂಬುದು ಮನೆಯ ನಡುವೆ ಒಣಹಾಕಿದ ಒದ್ದೆ ಸೀರೆಯಂತೆ ದಿನವಿಡೀ ನೇತಾಡುತ್ತಿತ್ತು. ಆಚೆ ಈಚೆ ಹೋಗುವಾಗೆಲ್ಲ ಮುಖಕ್ಕೆ ತಾಗುತ್ತಿತ್ತು. ಆ ಕೆಲಸ ತಪ್ಪಿದರೆ ಉಸಿರು ಕಟ್ಟಿ ಸಾಯುತ್ತೇನೆ ಎಂದೇ ನನಗೆ ಅನ್ನಿಸಿತ್ತು.

ಸದಾ ಆಗ ಜಗಳದ ಆಟವೊಂದನ್ನು ಬರೆಯುತ್ತಿದ್ದ. ಪರದೆಯ ಮೇಲೆ ಇಬ್ಬರು ನಿಂತು ಗುದ್ದಾಡುವುದು, ಒದೆಯುವುದು, ಬೀಳುವುದು. ಕೊಂಡುಕೊಳ್ಳುವವರು ಇದ್ದಾರೆಂದು ಯಾರೋ ಅವನಿಗೆ ಹೇಳಿದ್ದರು. ಗುದ್ದುವವರ ಚಿತ್ರ ಬಿಡಿಸಲು ಅವನಿಗೆ ಯಾರಾದರೂ ಗುದ್ದಿ ತೋರಿಸಬೇಕಿತ್ತು. ಮಧ್ಯಾಹ್ನ ಅತ್ತೆ ಭಜನೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವಳು ನಾನೊಬ್ಬಳೇ.

“ಅತ್ತಿಗೆ, ಒಂದು ಸಲ ಕೈ ಎತ್ತಿ ಹೊಡೀರಿ.”

“ಯಾರಿಗೋ?”

“ಗಾಳಿಗೆ ಹೊಡೀರಿ ಮಾರಾಯ್ರೆ.”

ನನಗೆಲ್ಲಿ ಬರಬೇಕು ಕರಾಟೆ! ಬಂದದ್ದನ್ನು ಮಾಡಿದೆ. ಸೆರಗು ಸಿಕ್ಕಿಸಿ, ಭುಜ ಕುಣಿಸಿ, ನಲ್ಲಿಯ ಕಲ್ಲಿನ ಮೇಲೆ ಹಚ್ಚಡ ಎತ್ತಿ ಬಡಿಯುವ ಹಾಗೆ ಬಡಿದೆ. ಅದು ಗುದ್ದು ಆಯಿತು. ತುಂಬಿದ ನೀರಿನ ಪೀಪಾಯಿಯನ್ನು ಕಾಲಿನಿಂದ ಗೋಡೆಯ ಕಡೆ ತಳ್ಳುವುದು ಒದೆ ಆಯಿತು. “ಅದೇ ಅದೇ! ಹಾಗೇ ನಿಲ್ಲಿ!” ಎಂದು ಸದಾ ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ತುಂಬುತ್ತಿದ್ದ. ನಾನು ಒಂದು ಕಾಲೆತ್ತಿಕೊಂಡು, ಒಲೆಯ ಮೇಲೆ ಹಾಲಿದೆ ಎಂದು ಕೂಗುತ್ತಿದ್ದೆ.

ಆದರೆ ಆಟ ನೋಡಲು ಆಗುತ್ತಿರಲಿಲ್ಲ. ಗೊಂಬೆಗಳು ಮಿಣುಕ್ ಮಿಣುಕ್ ಎನ್ನುತ್ತಿದ್ದವು, ಒಂದು ಹೆಜ್ಜೆ ಇಟ್ಟರೆ ಕಪ್ಪೆಯಂತೆ ಜಿಗಿಯುತ್ತಿದ್ದವು. ಸದಾ ಅದಕ್ಕೆ ಕಾರಣ ಹೇಳಿದ್ದು ನನಗೆ ಈಗಲೂ ನೆನಪಿದೆ. ಟಿವಿಯೊಳಗೆ ಬೆಳಕಿನ ಒಂದು ಗೆರೆ ಮೇಲಿನಿಂದ ಕೆಳಕ್ಕೆ ಚಿತ್ರ ಎಳೆಯುತ್ತಾ ಬರುತ್ತದೆ. ಗೊಂಬೆ ನಡೆಯಬೇಕಾದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಅಳಿಸಿದ ಗಳಿಗೆಯಲ್ಲೇ ಗೆರೆ ಅಲ್ಲಿಗೆ ಬಂದರೆ ಗೊಂಬೆ ಮಾಯ. “ನೀವು ನೆಲ ಒರೆಸ್ತಾ ಬರುವಾಗ ನಾನು ಅಡ್ಡ ಕಾಲಿಟ್ಟ ಹಾಗೆ ಅತ್ತಿಗೆ. ನೀವು ಕೆಳಗಿನವರೆಗೆ ಒರೆಸಿ, ಬಟ್ಟೆ ಹಿಂಡಿಕೊಂಡು ಪುನಃ ಮೇಲೆ ಹೋಗುವಷ್ಟರಲ್ಲಿ ನಾನು ದಾಟಿಬಿಡಬೇಕು.” ಆ ಹಿಂಡುವ ಪುರುಸೊತ್ತಿಗಾಗಿ ಕಂಪ್ಯೂಟರ್ ಕಾಯುವಂತೆ ಮಾಡುವುದು ಅವನ ಒಂದು ಉಪಾಯ.

ಇನ್ನೊಂದು ಉಪಾಯಕ್ಕೆ ಜಾಗ ಬೇಕಿತ್ತು. ಆ ಯಂತ್ರ ಎಂಟೆಂಟು ಚುಕ್ಕಿಗಳನ್ನು ಒಂದು ಡಬ್ಬಿ ಮಾಡಿ ಇಡುತ್ತದಂತೆ. ಸುಲಭವಾಗಿ ಸರಿಸಬೇಕಾದರೆ ಇಡೀ ಡಬ್ಬಿ ಸರಿಸಬೇಕು, ಅದಕ್ಕೇ ಕಪ್ಪೆ ಜಿಗಿತ. ನುಣ್ಣಗೆ ಸರಿಯಬೇಕಾದರೆ ಒಂದೊಂದು ಭಂಗಿಯನ್ನೂ ಚೂರು ಚೂರು ಪಕ್ಕಕ್ಕೆ ಸರಿಸಿ ನಾಲ್ಕು ನಾಲ್ಕು ಸಲ ಬಿಡಿಸಿ ಮೊದಲೇ ತುಂಬಿಟ್ಟುಕೊಳ್ಳಬೇಕು. ಅಷ್ಟಕ್ಕೆ ಜಾಗ ಎಲ್ಲಿದೆ? ನಮ್ಮ ಮನೆಯ ಹಾಗೆಯೇ ಅದೂ ಒಂದೂವರೆ ಕೋಣೆ. ಸದಾ ಇಬ್ಬರಲ್ಲಿ ಒಬ್ಬರ ಗುದ್ದು, ಒದೆ ಎಲ್ಲ ಕಿತ್ತುಹಾಕಿದ. ಅವರಿಗೆ ಉಳಿಸಿದ್ದು ನಿಲ್ಲುವುದು, ಪೆಟ್ಟು ತಿನ್ನುವುದು, ಬೀಳುವುದು.

ಇದೆಲ್ಲ ಅವನ ಗ್ರಾಫ್ ಹಾಳೆಯ ಮೇಲೇ ನಡೆದ ಸಂಸಾರ. ಆ ಒಬ್ಬರು ಯಾರೆಂದು ನಮಗೆ ಯಾರಿಗೂ ತಿಳಿಯದು.

ತಿಂಗಳ ಕೊನೆಯ ಭಾನುವಾರ. ಇನ್ನೆರಡು ದಿನದಲ್ಲಿ ಆಫೀಸಿಗೆ ಉತ್ತರ ಹೇಳಬೇಕು, ಅತ್ತೆ ಇನ್ನೂ ‘ನೋಡುವ’ದಲ್ಲೇ ಇದ್ದಾರೆ. ಆಟ ಮುಗಿದಿದೆ, ಎಲ್ಲರೂ ಬನ್ನಿ ಎಂದು ಸದಾ ಇಡೀ ಚಾಳಿಗೆ ಸಾರಿದ್ದ. ಪಕ್ಕದ ಶೇವಂತಾಬಾಯಿ ಮೊದಲುಗೊಂಡು ಎಲ್ಲರೂ ಬಂದು ಕೂತರು. ಜಾಗವಿಲ್ಲದವರು ಕಿಟಕಿಯಲ್ಲಿ. ಅತ್ತೆ ಟಿವಿಯ ಎದುರಿಗೆ, ಸ್ಟೂಲಿನ ಮೇಲೆ. ನಾನು ಚಹಾದ ತಟ್ಟೆ ಹಿಡಿದು ಅವರ ಹಿಂದೆ.

ಕಿರ್ರೆಂದು ಕ್ಯಾಸೆಟ್ ಅರಚಿತು. ಆಟ ಬಂತು. ಗೊಂಬೆ ನಡೆಯಿತು.

ಮಿಣುಕಲಿಲ್ಲ, ಜಿಗಿಯಲಿಲ್ಲ. ಎಣ್ಣೆಯ ಮೇಲೆ ಜಾರಿದಂತೆ ನಡೆದು ಬಂತು. ನಡೆದು ಬಂದು ಭುಜ ಕುಣಿಸಿತು. ಅದು ನಾನು! ಸೀರೆ ಬಿಡಿಸಲು ಚುಕ್ಕಿ ಸಾಲದೆ ಪೈಜಾಮ ತೊಡಿಸಿದ್ದ, ಮುಖವೂ ಇರಲಿಲ್ಲ, ಆದರೂ ಅದು ನಾನೇ. ಮಿಣುಕುವಾಗ ಯಾರೋ ಆಗಿದ್ದ ಗೊಂಬೆ ನುಣ್ಣಗಾದದ್ದೇ ತಡ ನಾನಾಗಿಬಿಟ್ಟಿತ್ತು.

ಎದುರಿಗಿದ್ದವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಗ ಬಾಯೀ!” ಎಂದು ಶೇವಂತಾಬಾಯಿ ಕೂಗಿದಳು. “ಹೀ ತರ್ ತುಮ್ಚೀ ಸೂನ್! ಆಣಿ ಹೀ ತುಮ್ಹೀ!” ಇವಳು ನಿಮ್ಮ ಸೊಸೆ, ಇವರು ನೀವು ಎಂದು ಮರಾಠಿಯಲ್ಲಿ ಹೇಳಿದ್ದು ಮರಾಠಿ ಬಾರದವರಿಗೂ ತಿಳಿಯಿತು.

ಸದಾ ಗುಂಡಿ ಒತ್ತಿಬಿಟ್ಟಿದ್ದ. ನಾನು ಕೈಯೆತ್ತಿ, ಹಚ್ಚಡ ಬಡಿಯುವ ಹಾಗೆ, ಅತ್ತೆಯ ಭುಜಕ್ಕೆ ಬಡಿದೆ. ಅತ್ತೆ ಹಿಂದಕ್ಕೆ ವಾಲಿದರು. ಮತ್ತೆ ಬಡಿದೆ. ಪೀಪಾಯಿ ತಳ್ಳಿದ ಹಾಗೆ ಒದ್ದೆ. ಆ ಹೊಡೆತದಲ್ಲಿ ಸಿಟ್ಟಿತ್ತು. ಸದಾ ಅದನ್ನು ಸೇರಿಸಿರಲಿಲ್ಲ, ಅವನು ನೋಡಿದ್ದನ್ನು ಬಿಡಿಸಿದ್ದ ಅಷ್ಟೆ. ಅತ್ತೆ ಬಿದ್ದರು. ಮುಗಿಯಿತು, ಕೆಲಸ ಹೋಯಿತು ಎಂದುಕೊಂಡೆ.

“ಎಂಥದಾ ಸದಾ,” ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, “ನನ್ನ ಕೈ ಯಾಕೆ ಏಳುದಿಲ್ಲ?”

“ಜಾಗ ಇಲ್ಲ ಅಮ್ಮ.”

“ಎಲ್ಲಿ ಜಾಗ ಇಲ್ಲ?”

“ಇದರ ತಲೆಯಲ್ಲಿ.”

“ನಿನ್ನ ತಲೆಯಲ್ಲಿ ಭಾರೀ ಉಂಟಲ್ಲ,” ಎಂದು ಎದ್ದು ಅಡುಗೆಯ ಮೂಲೆಗೆ ಹೋದರು. ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಚಹಾ ಹಾಗೇ ಆರಿತು.

ಊಟಕ್ಕೆ ಕೂತೆವು. ಅತ್ತೆ ದೊಡ್ಡ ಮಗನ ತಟ್ಟೆಗೆ ಸಾರು ಹಾಕುತ್ತಾ ಹೇಳಿದರು: “ಇವಳು ಕೆಲಸಕ್ಕೆ ಹೋಗ್ಲಿ ಮಾರಾಯ. ಮನೆಯಲ್ಲೇ ಇಟ್ಕೊಂಡ್ರೆ ಆ ಕೈ ಒಂದಲ್ಲ ಒಂದು ದಿನ ನನ್ನ ಮೇಲೇ ಬೀಳ್ತದೆ.”

ನಮ್ಮವರಿಗೆ ಸಾರು ನೆತ್ತಿಗೇರಿತು.

ಮರುವಾರದಿಂದ ನಾನು ಲೋಕಲ್ ರೈಲು ಹತ್ತಿದೆ. ನಲ್ಲಿಯ ನೀರು, ರುಬ್ಬುಗುಂಡು, ಆಮೇಲೆ ಹುಟ್ಟಿದ ಮಗಳು ಅನಘಾ, ಎಲ್ಲ ಅತ್ತೆಯ ಪಾಲಿಗೆ ಹೋಯಿತು. ಸದಾನ ಆಟವನ್ನು ಯಾರೂ ಕೊಳ್ಳಲಿಲ್ಲ, ಅವನು ತಕ್ಕಡಿ ರಿಪೇರಿ ಕಲಿತ. ನಾನು ಈ ಕಥೆಯನ್ನು ಲೇಡೀಸ್ ಡಬ್ಬಾದಲ್ಲಿ ಎಷ್ಟು ಸಲ ಹೇಳಿದ್ದೇನೋ. ಅತ್ತೆಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತು ಅಭಿನಯಿಸಿದರೆ ಹೆಂಗಸರು ನಕ್ಕು ನಕ್ಕು ತಮ್ಮ ಸ್ಟೇಷನ್ ಮರೆಯುತ್ತಿದ್ದರು. ಹಾಗೆಯೇ ವರ್ಷಗಳು ಕಳೆದವು; ಹೋದ ವರ್ಷ ರಿಟೈರ್ ಆದೆ.

ಇವತ್ತು ಸದಾ ಕ್ಯಾಸೆಟ್ಟನ್ನು ಮತ್ತೆ ಮತ್ತೆ ತಿರುಗಿಸಿ ಕೊನೆಗೂ ಆಟ ಇಳಿಸಿದ. ಇಂಥ ಹಳೆಯ ಯಂತ್ರಗಳಿಗೆ ಹೊಸ ಆಟ ಬರೆಯುವವರು ಈಗಲೂ ಇದ್ದಾರಂತೆ, ಅವರ ಜೊತೆ ಸೇರಿ ಇದನ್ನು ರಿಪೇರಿ ಮಾಡಿದನಂತೆ. ಅತ್ತೆ ಕುರ್ಚಿಯಲ್ಲಿ, ನಮ್ಮವರು ಪೇಪರಿನ ಹಿಂದೆ, ರಜೆಯೆಂದು ಮನೆಯಲ್ಲಿದ್ದ ಅನಘಾ ನೆಲದ ಮೇಲೆ. ನಾನು ಅಡುಗೆಮನೆಯ ಬಾಗಿಲಲ್ಲಿ. ಗೊಂಬೆಗಳು ನುಣ್ಣಗೆ ಬಂದು ನಿಂತವು.

“ಅಮ್ಮ!” ಎಂದಳು ಅನಘಾ. “ಲೆಫ್ಟ್‌ವಾಲಿ ತೋ ನೀನೇ!”

“ಅಲ್ಲ ಪುಟ್ಟಿ, ಅದು ಅಜ್ಜಿ,” ಎಂದ ಸದಾ. “ಹೊಡೀತಾಳಲ್ಲ, ಅವಳು ನಿನ್ನ ಅಮ್ಮ.”

“ನಹೀ ಚಿಕ್ಕಪ್ಪ, ಪಕ್ಕಾ ಅಮ್ಮ. ನೋಡಿ ನಾ, ಅಲ್ಲಿ ಸೇಮ್ ಹಾಗೇ ನಿಂತಿದ್ದಾಳೆ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಗ್ಗಿ ನೋಡಿಕೊಂಡೆ. ನನ್ನ ಎಡಗೈ ಸೊಂಟದ ಮೇಲಿತ್ತು. ಬೆಳಿಗ್ಗೆ ಬಕೆಟ್ ಎತ್ತಿದಾಗಿನಿಂದ ಚುಚ್ಚುತ್ತಿದ್ದ ಬೆನ್ನಿನ ಕೆಳಭಾಗವನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ನಿಂತಿದ್ದೆ. ಪರದೆಯ ಕಡೆ ನೋಡಿದೆ. ಅಲ್ಲಿ ನಿಂತಿದ್ದವಳ ಸೊಂಟದ ಹಿಂದೆ ಒಂದೇ ಒಂದು ಚುಕ್ಕಿ ಮೆಲ್ಲಗೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

“ಸದಾ, ಆ ಚುಕ್ಕಿ ಏನೋ?”

“ಅಮ್ಮನ ಹೆಬ್ಬೆರಳು. ನಿಂತಾಗೆಲ್ಲ ಹಾಗೇ ಮಾಡ್ತಿದ್ದಳಲ್ಲ, ನೋಡಿದ್ದನ್ನ ಹಾಕಿದೆ.”

ಆಗಿನ ಅತ್ತೆ ಈಗಿನ ನನಗಿಂತ ಚಿಕ್ಕವರು. ಫೌಜದಾರನಂತೆ ನಿಂತಿದ್ದಾರೆ ಎಂದು ನಾನು ಡಬ್ಬಾ ತುಂಬ ಆಡಿ ತೋರಿಸಿದ ಹೆಂಗಸು ನೋವು ಒತ್ತಿಕೊಂಡು ನಿಂತಿದ್ದಳು. ಅತ್ತೆಯ ಕುರ್ಚಿಯ ಹತ್ತಿರ ಹೋದೆ.

“ಅತ್ತೀ, ಆಗ ನಿಮ್ಮ ಸೊಂಟಾ ನೋಯ್ತಿತ್ತೇನ್ರೀ?”

“ನೋಯ್ತಿತ್ತು.”

“ಭಾಳ?”

“ನೀರಿನ ಹಂಡೆ ಎತ್ತುವಾಗ ಜೀವ ಹೋಗ್ತಿತ್ತು.”

“ಮತ್ತ ಹೇಳ್ಲೇ ಇಲ್ಲಲ್ರೀ ಒಂದಿನಾನೂ!”

ಅತ್ತೆ ಪರದೆಯ ಕಡೆಯೇ ನೋಡುತ್ತಿದ್ದರು. ಅಲ್ಲಿ ನಾನು ಅವರಿಗೆ ಬಡಿಯುತ್ತಲೇ ಇದ್ದೆ.

“ಹೇಳಿದ್ರೆ ನೀನು ಕೆಲಸಕ್ಕೆ ಹೋಗ್ತಿದ್ದೆಯಾ?” ಎಂದರು.

ಸದಾ ಗುಂಡಿಯಿಂದ ಕೈ ತೆಗೆದ. ನಾನು ಕಾವಲಿ ಇಡಲು ಒಳಗೆ ಹೋದೆ.

ಮಧ್ಯಾಹ್ನ ನೀರುದೋಸೆ, ಕಾಯಿಬೆಲ್ಲ. ಸದಾ ಉಂಡೇ ಹೋದ. ರಾತ್ರಿ ಗಂಜಿ, ಮೆಂತ್ಯ ಸೊಪ್ಪಿನ ಪಲ್ಯ, ಮಿಡಿ ಉಪ್ಪಿನಕಾಯಿ. ಅನಘಾ ಪಾತ್ರೆ ತೊಳೆದಳು, ಯಾರೂ ಹೇಳಿರಲಿಲ್ಲ. ಮೊದಲು ಮಲಗಿದವರು ಅತ್ತೆ. ಗೋಡೆಯ ಕಡೆ ಮುಖ ಮಾಡಿ, ಬೆನ್ನು ನನ್ನ ಕಡೆಗೆ.